ಆರ್ಕಿಡ್ ಸೊರಗಿದರೆ ಮೊದಲು ಬೇರು ನೋಡಿ: ಅಂಗಳಕ್ಕೂ ಪಾಲಿಹೌಸಿಗೂ ಒಂದು ದೋಷ ನಿವಾರಣೆ ಕೈಪಿಡಿ

ಒಂದೇ ಬುಡದಿಂದ ಸೀಳಿದ ಎರಡು ಡೆಂಡ್ರೋಬಿಯಂ ಆರ್ಕಿಡ್. ಒಂದನ್ನು ಅಂಗಳದ ಹಲಸಿನ ಮರಕ್ಕೆ ಕಟ್ಟಿದ್ದೆ, ಇನ್ನೊಂದು ಪಾಲಿಹೌಸಿನೊಳಗೆ, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಗಿಡಗಳ ಮನೆಯೊಳಗೆ, ಕುಂಡದಲ್ಲಿತ್ತು. ಫೆಬ್ರವರಿ ಕೊನೆಗೆ ಎರಡರ ಕಾಂಡವೂ ಸುಕ್ಕುಗಟ್ಟಿತು, ಎಲೆ ಜೋತುಬಿತ್ತು. ಎರಡಕ್ಕೂ ನೀರಡಿಕೆ ಎಂದುಕೊಂಡು ದಿನಾ ಎರಡು ಹೊತ್ತು ನೀರು ಹಾಕಿದೆ. ಮರದ್ದು ಮೂರು ವಾರದಲ್ಲಿ ಮೈ ತುಂಬಿಕೊಂಡಿತು. ಕುಂಡದ್ದು ಸತ್ತಿತು. ಕಿತ್ತು ನೋಡಿದರೆ ಅದರಲ್ಲಿ ಬೇರೇ ಇರಲಿಲ್ಲ; ನಾನು ನೀರು ಹಾಕುತ್ತಿದ್ದದ್ದು ಕೊಳೆತ ನಾರಿಗೆ. ನೀರು ಕುಡಿಯಲು ಬಾಯಿಯೇ ಇಲ್ಲದ ಗಿಡವೂ, ನೀರೇ ಸಿಗದ ಗಿಡವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆರ್ಕಿಡ್ ಸಾಕುವವರಿಗೆ ಆಗುವ ನಷ್ಟದಲ್ಲಿ ದೊಡ್ಡ ಪಾಲು ಈ ಒಂದು ಗೊಂದಲದಿಂದಲೇ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಅಡಿಕೆ ತೋಟದ ಮನೆ. ಮಳೆ ಹಿಡಿದರೆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ, ಏಪ್ರಿಲಿನಲ್ಲಿ ಬಾವಿಯ ತಳ ಕಾಣುತ್ತದೆ. ಮರಗಳ ಮೇಲೆ ಸೀತಾಳೆ ದಂಡೆ ಮತ್ತು ಕೆಲವು ಡೆಂಡ್ರೋಬಿಯಂ, ಸೂರಿನ ಕೆಳಗೆ ತೂಗುಬಿಟ್ಟ ವಾಂಡಾ, ಇಪ್ಪತ್ತು ಅಡಿ ಅಗಲ ಮೂವತ್ತು ಅಡಿ ಉದ್ದದ ಸಣ್ಣ ಪಾಲಿಹೌಸಿನಲ್ಲಿ ಉಳಿದವು. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಗಿಡ ಕೊಂದು ಕಲಿತದ್ದು.

ಔಷಧಿ ಡಬ್ಬಿಗೆ ಕೈ ಹಾಕುವ ಮುಂಚೆ

ಗಿಡ ಯಾವ ಬಗೆಯದು ಎಂದು ಮೊದಲು ಗೊತ್ತು ಮಾಡಿಕೊಳ್ಳಿ. ವಾಂಡಾ, ಫಲೆನಾಪ್ಸಿಸ್, ಸೀತಾಳೆ ದಂಡೆ ಇವು ಒಂದೇ ತುದಿಯಿಂದ ಮೇಲಕ್ಕೆ ಬೆಳೆಯುವಂಥವು. ನೀರು ಕೂಡಿಡಲು ಇವಕ್ಕೆ ಬೇರೆ ಉಗ್ರಾಣವಿಲ್ಲ, ಎಲೆ ಮತ್ತು ಬೇರುಗಳೇ ಎಲ್ಲ. ಡೆಂಡ್ರೋಬಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂ, ಸಿಂಬಿಡಿಯಂ ಪಕ್ಕಕ್ಕೆ ಹರಿದು ಹೊಸ ಹೊಸ ಕಾಂಡ ಎಬ್ಬಿಸುವಂಥವು. ಉಬ್ಬಿದ ಕಾಂಡದಲ್ಲಿ ವಾರಗಟ್ಟಲೆಗೆ ಸಾಕಾಗುವ ನೀರಿರುತ್ತದೆ. ಮೊದಲ ಬಗೆಯಲ್ಲಿ ನೆತ್ತಿ ಕೊಳೆತರೆ ಗಿಡ ಬಹುತೇಕ ಹೋದಂತೆ. ಎರಡನೆಯದರಲ್ಲಿ ಮೇಲೆಲ್ಲ ಹೋದರೂ ಬುಡದಲ್ಲಿ ಒಂದು ಕಣ್ಣು ಉಳಿದಿದ್ದರೆ ಮತ್ತೆ ಏಳುತ್ತದೆ.

ಆಮೇಲೆ ಬೇರು. ಆರ್ಕಿಡಿನ ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಹೊದಿಕೆ ಇರುತ್ತದೆ, ವೆಲಮೆನ್ ಎನ್ನುತ್ತಾರೆ. ಒಣಗಿದಾಗ ಬೂದಿ ಬಣ್ಣ, ನೀರು ಹೀರಿದಾಗ ಹಸಿರು. ಒಂದು ಲೋಟ ನೀರು ಹುಯ್ದು ಎರಡು ನಿಮಿಷ ನಿಲ್ಲಿ. ಬೂದಿ ಹಸಿರಾದರೆ ಬೇರು ಜೀವಂತ. ಕಂದಾಗಿಯೇ ಉಳಿದರೆ ಎರಡು ಬೆರಳಲ್ಲಿ ಒತ್ತಿ. ಮೆತ್ತಗಾಗಿ ಸಿಪ್ಪೆ ಜಾರಿ ಒಳಗಿನ ತಂತಿಯಂಥ ನಾರು ಮಾತ್ರ ಕೈಗೆ ಬಂದರೆ ಅದು ಕೊಳೆತು ಸತ್ತದ್ದು. ಹಗುರಾಗಿ ಕಾಗದದ ಕೊಳವೆಯಂತೆ ಚಪ್ಪಟೆಯಾದರೆ ಒಣಗಿ ಸತ್ತದ್ದು. ಈ ಎರಡು ಸಾವಿನ ಕಾರಣ ತೀರಾ ಉಲ್ಟಾ, ಹಾಗಾಗಿ ಮದ್ದೂ ಉಲ್ಟಾ.

ಕಳೆದ ಒಂದು ತಿಂಗಳಲ್ಲಿ ಏನು ಬದಲಾಯಿತು ಎಂದೂ ನೆನಪು ಮಾಡಿಕೊಳ್ಳಿ: ಜಾಗ, ನೀರು, ಗೊಬ್ಬರ, ಪಕ್ಕದಲ್ಲಿ ಕಡಿದ ಮರ, ಹೊಡೆದ ಔಷಧಿ. ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ ಮೂರು ವಾರ ಕಾಯಿರಿ. ಹಾಳಾದ ಎಲೆ ಮತ್ತೆ ಚೆನ್ನಾಗುವುದಿಲ್ಲ, ಅದನ್ನು ನೋಡಿ ಕೂರಬೇಡಿ. ಹೊಸ ಬೇರಿನ ತುದಿ ಹಸಿರಾಗಿಯೋ ನೇರಳೆಯಾಗಿಯೋ ಮಿಂಚುತ್ತಿದೆಯೇ ಎಂಬುದೇ ಲೆಕ್ಕ.

ಎಲೆ, ಕಾಂಡ ಸುಕ್ಕುಗಟ್ಟಿದೆ

ಬೇರು ಗಟ್ಟಿಯಾಗಿದ್ದು ಬೂದಿ ಬಣ್ಣವಿದ್ದರೆ ಬರೀ ಬಾಯಾರಿಕೆ. ಮರಕ್ಕೆ ಕಟ್ಟಿದ ಗಿಡಕ್ಕೆ ಬೇಸಿಗೆಯಲ್ಲಿ ಬೆಳಿಗ್ಗೆ ಒಮ್ಮೆ ಬೇರು ಪೂರ್ತಿ ಹಸಿರಾಗುವ ತನಕ ನೀರು ಹಿಡಿಯಬೇಕು. ಮೇಲೆ ಮೇಲೆ ಚಿಮುಕಿಸಿದರೆ ಎಲೆಗೆ ಖುಷಿ, ಬೇರಿಗೆ ಏನೂ ಇಲ್ಲ. ವಾಂಡಾದಲ್ಲಿ ಕೆಳಗಿನ ಎಲೆಗಳು ಒಂದೊಂದೇ ಉದುರಿ ಕಾಂಡ ಬೋಳಾಗುತ್ತ ಹೋದರೆ ಹೆಚ್ಚಾಗಿ ಇದೇ ಕಾರಣ. ಆನ್ಸಿಡಿಯಂನ ಹೊಸ ಎಲೆ ಹಾರ್ಮೋನಿಯಂ ತಿದಿಯಂತೆ ಅಡ್ಡ ಮಡಿಕೆ ಬಿದ್ದು ಬಂದರೆ, ಆ ಎಲೆ ಬೆಳೆಯುವ ಕಾಲಕ್ಕೆ ನೀರು ತಪ್ಪಿತ್ತು ಎಂದು ತಿಳಿಯಿರಿ. ಆಮೇಲೆ ಎಷ್ಟು ನೀರು ಹುಯ್ದರೂ ಆ ಮಡಿಕೆ ಬಿಚ್ಚುವುದಿಲ್ಲ. ಮುಂದಿನ ಎಲೆ ನೇರ ಬಂದರೆ ಸರಿಹೋಯಿತು ಎಂದು ಅರ್ಥ.

ಬೇರು ಕೊಳೆತಿದ್ದರೆ ಕುಂಡದಲ್ಲಿ ಏನು ತುಂಬಿದ್ದೀರಿ ಎಂದು ಸುರಿದು ನೋಡಿ. ತೆಂಗಿನ ನಾರಿನ ಪುಡಿ ತುಂಬಿದ್ದರೆ ಅಲ್ಲೇ ಉತ್ತರ ಸಿಕ್ಕಿತು. ಅದು ಮೆಣಸಿನ ಸಸಿಗೆ ಒಳ್ಳೆಯದು, ಗಾಳಿಯಲ್ಲಿ ಬೇರು ಬಿಡುವ ಗಿಡಕ್ಕೆ ಅಲ್ಲ. ಅಂಗಡಿಯಿಂದ ತಂದ ಫಲೆನಾಪ್ಸಿಸ್‌ನಲ್ಲಿ ಇನ್ನೊಂದು ಮೋಸ ಇರುತ್ತದೆ. ಹೊರಗೆಲ್ಲ ಇದ್ದಿಲು, ತೊಗಟೆ ಚೂರು ಚೆನ್ನಾಗಿಯೇ ಕಾಣುತ್ತದೆ, ಆದರೆ ಸಸಿಯಾಗಿದ್ದಾಗ ಸುತ್ತಿದ ಪಾಚಿಯ ಗಟ್ಟಿ ಉಂಡೆ ನಡುವೆ ಹಾಗೇ ಉಳಿದಿರುತ್ತದೆ. ಹೊರಗೆ ಒಣಗಿದರೂ ಅದು ವಾರಗಟ್ಟಲೆ ಒದ್ದೆ. ಹೂವು ಮುಗಿದ ಮೇಲೆ ಅದನ್ನು ಬಿಡಿಸಿ ತೆಗೆಯಲೇಬೇಕು.

ಬದುಕಿಸುವ ರೀತಿ ಹೀಗೆ. ಸತ್ತ ಬೇರನ್ನೆಲ್ಲ ಕತ್ತರಿಸಿ, ಕಾಂಡದ ಮೇಲಿನ ಗಾಯಕ್ಕೆ ದಾಲ್ಚಿನ್ನಿ ಪುಡಿ ಒತ್ತಿ. ಜೀವಂತ ಬೇರಿಗೆ ತಾಗಿಸಬೇಡಿ, ಒಣಗಿಸಿಬಿಡುತ್ತದೆ. ಒಂದು ದಿನ ನೆರಳಲ್ಲಿ ಆರಲು ಬಿಟ್ಟು, ಒಂದಿಂಚಿನ ಇದ್ದಿಲು ಮತ್ತು ಹಳೆಯ ಮಂಗಳೂರು ಹೆಂಚಿನ ಚೂರು ತುಂಬಿದ, ಗಿಡಕ್ಕೆ ತೀರಾ ಸಣ್ಣದೆನಿಸುವ ಕುಂಡದಲ್ಲಿಡಿ. ಒಂದು ಕಡ್ಡಿ ಊರಿ ಗಿಡವನ್ನು ಅಲ್ಲಾಡದಂತೆ ಬಿಗಿಯಾಗಿ ಕಟ್ಟಿ. ಈ ಕಟ್ಟುವ ಕೆಲಸವನ್ನು ತುಂಬಾ ಜನ ಬಿಡುತ್ತಾರೆ. ಗಾಳಿಗೆ ಗಿಡ ತೊನೆದಾಗಲೆಲ್ಲ ಹೊಸ ಬೇರಿನ ತುದಿ ಉಜ್ಜಿ ಹೋಗುತ್ತದೆ, ಆಮೇಲೆ ಯಾಕೆ ಬೇರು ಬಿಡಲಿಲ್ಲ ಎಂದು ಗೊಬ್ಬರ ಹುಯ್ಯುತ್ತಾರೆ. ಹೊಸ ಬೇರು ಎರಡಿಂಚು ಆಗುವ ತನಕ ಗೊಬ್ಬರದ ಸುದ್ದಿಗೆ ಹೋಗಬೇಡಿ.

ತೆಂಗಿನಕಾಯಿ ಸಿಪ್ಪೆ ಬಳಸುವವರು ಒಂದು ವಾರ ನೀರು ಬದಲಿಸುತ್ತ ನೆನೆಸಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ ಬಳಸಿ. ನಮ್ಮ ಮಳೆಗೆ ಅದು ಎರಡನೇ ವರ್ಷಕ್ಕೆ ಗೊಬ್ಬರವಾಗಿಬಿಡುತ್ತದೆ ಎಂದು ನಾನು ಬಿಟ್ಟಿದ್ದೇನೆ.

ಮರಕ್ಕೆ ಕಟ್ಟಿದ್ದು ವರ್ಷವಾದರೂ ಹಿಡಿಯದಿದ್ದರೆ ಮರದ ತೊಗಟೆ ನೋಡಿ. ಪೇರಳೆ, ನಂದಿ ಮರಗಳು ತೊಗಟೆ ಕಳಚುತ್ತವೆ, ಜೊತೆಗೆ ಬೇರೂ ಕಳಚುತ್ತದೆ. ಹಲಸು, ಮಾವು ಒಳ್ಳೆಯದು. ಅಡಿಕೆ ಮರಕ್ಕೂ ಹಿಡಿಯುತ್ತದೆ, ಅದರ ಬೇರೆ ತಾಪತ್ರಯ ಮುಂದೆ ಹೇಳುತ್ತೇನೆ. ಕಟ್ಟುವುದಕ್ಕೆ ಆರಿದ್ರಾ ಮಳೆಯ ಹೊತ್ತು ಸರಿಯಾದದ್ದು. ಆ ನಾಲ್ಕು ತಿಂಗಳಲ್ಲಿ ಹಿಡಿದ ಬೇರು ಬೇಸಿಗೆ ದಾಟಿಸುತ್ತದೆ.

ಎಲೆಯ ಮೇಲೆ ಕಲೆ: ಬಿಸಿಲೋ ಕೊಳೆಯೋ

ಪೆನ್ನಿನಿಂದ ಕಲೆಯ ಅಂಚಿಗೆ ಗೆರೆ ಎಳೆದು ಮಲಗಿ. ಬೆಳಿಗ್ಗೆ ಗೆರೆ ದಾಟಿದ್ದರೆ ಕೊಳೆ, ದಾಟದಿದ್ದರೆ ಬಿಸಿಲು ಅಥವಾ ಹಳೆಯ ಗಾಯ. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಸಿಕ್ಕಿಲ್ಲ.

ಬಿಸಿಲಿನ ಸುಟ್ಟ ಕಲೆ ಮೊದಲು ಬಿಳಿಚಿ, ಆಮೇಲೆ ಒಣಗಿ ಕಪ್ಪಾಗುತ್ತದೆ. ಎಲೆ ಬಾಗಿ ಸೂರ್ಯನಿಗೆ ನೇರ ಮೈಯೊಡ್ಡಿದ ಕಡೆಯೇ ಇರುತ್ತದೆ. ಮಧ್ಯಾಹ್ನ ಎಲೆ ಮುಟ್ಟಿ ನೋಡಿದರೆ ಬಿಸಿ. ಸೆಪ್ಟೆಂಬರ್ ಕೊನೆಗೆ ಮಳೆ ಹೊಳವಾಗಿ ಒಮ್ಮೆಲೇ ಬಿಸಿಲು ಬಂದಾಗ ನಮ್ಮಲ್ಲಿ ಇದು ಹೆಚ್ಚು. ಮೂರು ತಿಂಗಳು ಮೋಡದ ಕೆಳಗೆ ಬೆಳೆದ ಎಲೆಗೆ ಬಿಸಿಲು ಗೊತ್ತೇ ಇರುವುದಿಲ್ಲ. ನೆರಳು ಕೊಡಿ, ಕಲೆಯನ್ನು ಹಾಗೇ ಬಿಡಿ.

ಗೆರೆ ದಾಟಿದ ಕಲೆ ನೀರು ತುಂಬಿದ ಬೊಬ್ಬೆಯಂತಿದ್ದು ಒತ್ತಿದರೆ ಒಡೆದು ಕೆಟ್ಟ ವಾಸನೆ ಬಂದರೆ ಬ್ಯಾಕ್ಟೀರಿಯಾದ ಮೆತು ಕೊಳೆ. ಫಲೆನಾಪ್ಸಿಸ್‌ನ ಇಡೀ ಎಲೆಯನ್ನು ಒಂದೆರಡು ದಿನದಲ್ಲಿ ಮುಗಿಸುತ್ತದೆ. ಕಲೆಗಿಂತ ಒಂದಿಂಚು ಒಳಗೆ, ಆರೋಗ್ಯವಾಗಿರುವ ಭಾಗದಲ್ಲಿ ಕತ್ತರಿಸಿ, ಎಲೆ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ, ಫ್ಯಾನ್ ಹಾಕಿ. ವಾಸನೆಯಿಲ್ಲದೆ, ಬುಡದಿಂದ ಅಥವಾ ಹೊಸ ಚಿಗುರಿನಿಂದ ಹೊರಟು ಮಸಿಗಪ್ಪಾಗಿ ಏರಿದರೆ ಕಪ್ಪು ಕೊಳೆ. ಅಡಿಕೆಯ ಕೊಳೆ ರೋಗಕ್ಕೂ ಕಾಳುಮೆಣಸಿನ ಸೊರಗು ರೋಗಕ್ಕೂ ಕಾರಣವಾದ ಫೈಟಾಫ್ತೊರಾ ಎಂಬ ರೋಗಾಣುವಿನ ಬಳಗದ್ದೇ ಇದು, ಜೊತೆಗೆ ಪಿಥಿಯಂ ಎಂಬ ಇನ್ನೊಂದು. ನೀರು ಚಿಮ್ಮಿದಲ್ಲಿಗೆ ಹೋಗುತ್ತದೆ. ಕೊಳೆತ ಭಾಗ ಕತ್ತರಿಸಿ ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಮಿಶ್ರಣವನ್ನು ಲೀಟರಿಗೆ 2 ಗ್ರಾಂ ಹಾಕಿ ಬುಡ ನೆನೆಯುವಂತೆ ಕೊಡುತ್ತೇನೆ. ಮೆಣಸಿನ ಬಳ್ಳಿಗೆಂದು ಮನೆಯಲ್ಲಿ ಹೇಗೂ ಇರುತ್ತದೆ.

ಬುಡದಲ್ಲಿ ಬಿಳಿ ಬೂಸ್ಟು, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು ಕಂಡರೆ ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಆ ಕಾಳುಗಳೇ ಬೀಜ ಇದ್ದಂತೆ, ವರ್ಷಗಟ್ಟಲೆ ಕಾಯುತ್ತವೆ. ಕುಂಡದ ತುಂಬಿಕೆಯನ್ನು ಸುಟ್ಟುಬಿಡಿ, ತೊಳೆದು ಮತ್ತೆ ಬಳಸಲು ಹೋಗಬೇಡಿ.

ಕಲೆ ಎಲ್ಲೂ ಇಲ್ಲದೆ ಗಿಡ ಒಂದೇ ಕಡೆಯಿಂದ ಹಳದಿಯಾಗಿ ಸೊರಗುತ್ತಿದ್ದರೆ ಬುಡದ ಕಾಂಡವನ್ನು ಅಡ್ಡ ಕೊಯ್ದು ನೋಡಿ. ಒಳಗೆ ನೇರಳೆ ಬಣ್ಣದ ಉಂಗುರ ಇದ್ದರೆ ಫ್ಯುಸೇರಿಯಂ ಎಂಬ ಶಿಲೀಂಧ್ರ. ಬಿಳಿ ಕಾಣುವ ತನಕ ಕೊಯ್ಯುತ್ತ ಹೋಗಿ. ಬಿಳಿ ಸಿಕ್ಕದಿದ್ದರೆ ಆಸೆ ಬಿಡಿ. ವೆನಿಲ್ಲಾ ಬೆಳೆಯುವ ಹುಚ್ಚು ಹಿಡಿದ ಕಾಲದಲ್ಲಿ ಬಳ್ಳಿ ಹಾಕಿ ಕೈಸುಟ್ಟುಕೊಂಡವರಿಗೆ ಈ ಹೆಸರು ಹೊಸತಲ್ಲ. ವೆನಿಲ್ಲಾ ಕೂಡ ಆರ್ಕಿಡೇ.

ತೋಟದ ಮೈಲುತುತ್ತ

ಇದು ಪುಸ್ತಕಗಳಲ್ಲಿ ಸುಲಭಕ್ಕೆ ಸಿಗದ, ಆದರೆ ಅಡಿಕೆ ಸೀಮೆಯಲ್ಲಿ ಆರ್ಕಿಡ್ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಕಾಣುವ ದೋಷ. ಒಂದು ವರ್ಷ ಜೂನ್ ಮಧ್ಯದಲ್ಲಿ ಅಡಿಕೆ ಮರದ ಮೇಲಿನ ಡೆಂಡ್ರೋಬಿಯಂಗಳ ಬೇರಿನ ತುದಿಯೆಲ್ಲ ಒಟ್ಟಿಗೇ ಕಪ್ಪಾದವು, ಎಳೆ ಎಲೆಗೆ ಚುಕ್ಕೆ ಬಿತ್ತು. ಕೊಳೆಯೆಂದು ಗೆರೆ ಎಳೆದೆ. ಗೆರೆ ದಾಟಲಿಲ್ಲ. ಬಿಸಿಲಿರಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಕಂಡಿತು: ಕಾಂಡದ ಮೇಲಿನ ಹಾವಸೆಯೂ ಅದೇ ಮಗ್ಗುಲಲ್ಲಿ ಕಂದಿತ್ತು, ಎಲೆಯ ಸಂದಿಯಲ್ಲಿ ತೆಳುನೀಲಿ ಪುಡಿ ಕೂತಿತ್ತು.

ಹಿಂದಿನ ವಾರ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತುವ ಕೆಲಸದವನು, ಗೊನೆಗೆ ಔಷಧಿ ಹೊಡೆದಿದ್ದ. ಬೋರ್ಡೊ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಕೇಳಿದರೆ, "ಇದೂ ಕೊಳೆ ರೋಗಕ್ಕೇ ಅಲ್ವಾ ಒಡೇರೆ, ಹೂವಿನ ಗಿಡಕ್ಕೂ ಬೀಳ್ಲಿ ಅಂತ ಕೈ ತೋರಿಸ್ದೆ" ಅಂದ. ಅವನ ಲೆಕ್ಕ ತಪ್ಪೇನಲ್ಲ, ರೋಗ ಅದೇ ಬಳಗದ್ದು. ಆದರೆ ಡೆಂಡ್ರೋಬಿಯಂಗೆ ತಾಮ್ರ ಆಗಿಬರುವುದಿಲ್ಲ. ಎಳೆ ಬೇರು, ಮೊಗ್ಗು, ಚಿಗುರು ಸುಟ್ಟುಹೋಗುತ್ತವೆ. ಹೂವು ಬಿಟ್ಟಿದ್ದರೆ ಬೇರೆ ಜಾತಿಗಳಿಗೂ ಅದು ಕಲೆ ಬೀಳಿಸುತ್ತದೆ.

ಪತ್ತೆಗೆ ಮೂರು ಗುರುತು: ಎಲ್ಲ ಗಿಡಕ್ಕೂ ಒಂದೇ ದಿನ, ಒಂದೇ ಮಗ್ಗುಲು, ಆಮೇಲೆ ಹರಡುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಂದು, 40–45 ದಿನ ಬಿಟ್ಟು ಇನ್ನೊಂದು, ಹೀಗೆ ಎರಡು ಸಲ ಎಚ್ಚರ ಬೇಕು. ಹೊಡೆಯುವ ಹೊತ್ತಿಗೆ ಗೋಣಿ ಅಥವಾ ಪ್ಲಾಸ್ಟಿಕ್ ಹೊದಿಸಿ, ಮುಗಿದ ತಕ್ಷಣ ತೆಗೆದು, ಗಿಡವನ್ನು ಬಾವಿ ನೀರಲ್ಲಿ ತೊಳೆಯಿರಿ. ಈಗ ನಾನು ಅಡಿಕೆ ಮರಕ್ಕೆ ಏನನ್ನೂ ಕಟ್ಟುವುದಿಲ್ಲ. ಎಲ್ಲ ಅಂಗಳದ ಹಲಸಿಗೇ.

ಗಿಡ ಸೊಂಪಾಗಿದೆ, ಹೂವಿಲ್ಲ

ಎಲೆ ಕಡುಹಸಿರಾಗಿ ಮಿರಮಿರ ಮಿಂಚುತ್ತಿದ್ದರೆ ಸಂತೋಷಪಡಬೇಡಿ, ಬೆಳಕು ಸಾಲುತ್ತಿಲ್ಲ. ಡೆಂಡ್ರೋಬಿಯಂ, ವಾಂಡಾ, ಕ್ಯಾಟ್ಲಿಯಾಗಳ ಎಲೆ ತುಸು ಹಳದಿ ಬೆರೆತ ಹಸಿರಿರಬೇಕು. ಶೇಡ್ ನೆಟ್ ಕೊಳ್ಳುವಾಗ ಡೆಂಡ್ರೋಬಿಯಂಗೆ 50 ಶೇಕಡಾ ನೆರಳಿನದು, ಫಲೆನಾಪ್ಸಿಸ್‌ಗೆ 75. ಮಧ್ಯಾಹ್ನ ಗಿಡದ ಮೇಲೆ ಒಂದಡಿ ಎತ್ತರಕ್ಕೆ ಕೈ ಹಿಡಿದು ನೋಡಿ: ನೆರಳಿನಲ್ಲಿ ಬೆರಳು ಎಣಿಸುವಷ್ಟು ಸ್ಪಷ್ಟವಿದ್ದರೆ ವಾಂಡಾಕ್ಕೆ ಸರಿ, ಮಸುಕಾದ ಮುದ್ದೆ ಕಂಡರೆ ಫಲೆನಾಪ್ಸಿಸ್‌ಗೆ.

ಬೆಳಕು ಸರಿಯಿದ್ದೂ ಹೂವಿಲ್ಲದಿದ್ದರೆ ಚಳಿಯ ಪ್ರಶ್ನೆ. ಫಲೆನಾಪ್ಸಿಸ್ ಹೂದಂಟು ಎಬ್ಬಿಸಲು ಕೆಲವು ವಾರ ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯಬೇಕು, ಹಗಲೂ ತೀರಾ ಬಿಸಿ ಇರಬಾರದು. ನಮ್ಮಲ್ಲೂ ಬೆಂಗಳೂರಿನಲ್ಲೂ ಡಿಸೆಂಬರ್ ಚಳಿಗೆ ತಾನಾಗಿ ಆಗುತ್ತದೆ. ಮಂಗಳೂರಿನ ನೆಂಟರು ಪ್ರತಿ ವರ್ಷ "ನಮ್ಮನೇಲಿ ಯಾಕೆ ಎಲೆ ಮಾತ್ರ?" ಎಂದು ಕೇಳುತ್ತಾರೆ. ಆ ಸೆಕೆಗೆ ಅದು ಎಲೆಯನ್ನೇ ಕೊಡುತ್ತದೆ. ಅಲ್ಲಿ ಸೋನಿಯಾದಂಥ ಬಿಸಿ ಬೇಡುವ ಡೆಂಡ್ರೋಬಿಯಂ, ವಾಂಡಾ ಇಟ್ಟುಕೊಳ್ಳುವುದು ವಾಸಿ. ಸಿಂಬಿಡಿಯಂಗೆ ಇನ್ನೂ ಹೆಚ್ಚಿನ ಚಳಿ ಬೇಕು, ರಾತ್ರಿ ಹತ್ತು ಹದಿನೈದು ಡಿಗ್ರಿಯಷ್ಟು. ಸಿಕ್ಕಿಂ, ಡಾರ್ಜಿಲಿಂಗ್‌ನಲ್ಲಿ ಅದು ಸಂಭ್ರಮದಿಂದ ಅರಳುತ್ತದೆ. ಪ್ರವಾಸಕ್ಕೆ ಹೋದವರು ತಂದುಕೊಟ್ಟ ನನ್ನ ಸಿಂಬಿಡಿಯಂ ಆರು ವರ್ಷದಿಂದ ಹುಲ್ಲಿನಂತೆ ಬೆಳೆಯುತ್ತಿದೆ.

ನೋಬಿಲೆ ಬಗೆಯ ಡೆಂಡ್ರೋಬಿಯಂನ ಕಥೆಯೇ ಬೇರೆ. ಅದಕ್ಕೆ ಚಳಿಗಾಲದಲ್ಲಿ ಉಪವಾಸ ಬೇಕು. ನವೆಂಬರಿನಿಂದ ಗೊಬ್ಬರ ಪೂರ್ತಿ ನಿಲ್ಲಿಸಿ, ಕಾಂಡ ತೀರಾ ಸುಕ್ಕಾಗದಷ್ಟು ಮಾತ್ರ ನೀರು ಕೊಡಬೇಕು. ಕರುಣೆಯಿಂದ ನೀರು, ಗೊಬ್ಬರ ಹಾಕುತ್ತಲೇ ಹೋದರೆ ಹೂವು ಬರಬೇಕಾದ ಗೆಣ್ಣಿನಲ್ಲಿ ಬೇರು ಸಮೇತ ಮರಿ ಗಿಡ ಬರುತ್ತದೆ. ಅದನ್ನು ಕೀಕಿ ಎನ್ನುತ್ತಾರೆ, ಹವಾಯಿ ಭಾಷೆಯಲ್ಲಿ ಮಗು. ಸೋನಿಯಾ ಬಗೆಗೆ ಈ ಉಪವಾಸ ಮಾಡಿಸಿದರೆ ಅದು ಸೊರಗುತ್ತದೆ. ಎರಡಕ್ಕೂ ಹೆಸರು ಡೆಂಡ್ರೋಬಿಯಂ, ಪಥ್ಯ ಬೇರೆ ಬೇರೆ.

ಗೊಬ್ಬರದ ವಿಷಯ ಚಿಕ್ಕದು. ಬೆಳೆಯುವ ಕಾಲದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರವನ್ನು ಲೀಟರಿಗೆ ಒಂದು ಗ್ರಾಂ, ವಾರಕ್ಕೊಮ್ಮೆ, ಒದ್ದೆ ಬೇರಿಗೆ. ಹೂವಿಗೆಂದು ಮಾರುವ ಬಣ್ಣದ ಬಾಟಲಿಗಳಿಂದ ಬೆಳಕಿನ ಕೊರತೆ ತೀರುವುದಿಲ್ಲ.

ಮೊಗ್ಗು ಬಂತು, ಉದುರಿತು

ಮೊಗ್ಗೆಲ್ಲ ಒಟ್ಟಿಗೆ ಹಳದಿಯಾಗಿ ಉದುರಿದರೆ ಗಾಳಿಯಲ್ಲಿ ಏನೋ ಇದೆ. ನವೆಂಬರಿನಲ್ಲಿ ಅಡಿಕೆ ಸುಲಿತ ಶುರುವಾಗಿ ಬೇಯಿಸುವ ಒಲೆ ಹೊತ್ತಿದ ಮೇಲೆ ಅಂಗಳದ ಆ ಬದಿಯ ಗಿಡಗಳಲ್ಲಿ ಮೊಗ್ಗು ನಿಲ್ಲುತ್ತಿರಲಿಲ್ಲ. ಚಳಿಯೆಂದು ಎರಡು ವರ್ಷ ಚಳಿಯನ್ನೇ ಬೈದೆ. ಸೌದೆ ಹೊಗೆಯಲ್ಲಿ ಎಥಿಲೀನ್ ಇರುತ್ತದೆ, ಹಣ್ಣು ಮಾಗಿಸುವ ಅನಿಲವೇ ಅದು. ಬಾಳೆಗೊನೆ ಹಣ್ಣಾಗುವಾಗಲೂ ಬಿಡುತ್ತದೆ. ಜಗಲಿಯಲ್ಲಿ ಗೊನೆ ತೂಗುಬಿಟ್ಟು ಅದರ ಪಕ್ಕದಲ್ಲೇ ಅರಳಿದ ಫಲೆನಾಪ್ಸಿಸ್ ಇಟ್ಟರೆ, ತಿಂಗಳುಗಟ್ಟಲೆ ಇರಬೇಕಾದ ಹೂವು ಕೆಲವೇ ದಿನಕ್ಕೆ ಮುದುಡುತ್ತದೆ. ಅಮ್ಮ ಗೊನೆ ತೂಗುವ ಜಾಗ ಬದಲಿಸಲು ಒಪ್ಪಲಿಲ್ಲ, ಹಾಗಾಗಿ ಗಿಡವೇ ಜಾಗ ಬದಲಿಸಿತು.

ಮೊಗ್ಗಿನ ಮೇಲೆ ಬೆಳ್ಳಿ ಗೀರು, ಸೊಟ್ಟ ಎಸಳು ಕಂಡರೆ ಥ್ರಿಪ್ಸ್ ನುಸಿ. ಬಿಳಿ ಕಾಗದದ ಮೇಲೆ ಹೂಗೊಂಚಲು ಕೊಡವಿದರೆ ಎಳ್ಳಿಗಿಂತ ಸಣ್ಣ ಹುಳ ಓಡುವುದು ಕಾಣುತ್ತದೆ. ಮೊಗ್ಗು ಉಬ್ಬಿ, ನೀರೊಡೆದು ಉದುರುತ್ತಿದ್ದರೆ ಒಂದನ್ನು ಸೀಳಿ. ಒಳಗೆ ಸಣ್ಣ ಬಿಳಿ ಹುಳಗಳಿದ್ದರೆ ಮೊಗ್ಗು ನೊಣದ ಮರಿ, ಮಲ್ಲಿಗೆಗೂ ಬರುವಂಥದ್ದು. ಅಂಥ ಮೊಗ್ಗನ್ನು ನೆಲಕ್ಕೆ ಎಸೆಯಬೇಡಿ, ಹುಳ ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಆರಿಸಿ ಒಲೆಗೆ ಹಾಕಿ. ಕ್ಯಾಟ್ಲಿಯಾದಲ್ಲಿ ಮೊಗ್ಗು ಹೊರಬರುವ ಮುಂಚೆಯೇ ಅದರ ಕವಚದಲ್ಲಿ ಮಳೆನೀರು ನಿಂತು ಕೊಳೆಯುವುದುಂಟು. ಬೆಳಕಿಗೆ ಹಿಡಿದು ನೋಡಿ, ನೀರಿದ್ದರೆ ಕವಚದ ತುದಿ ಸೀಳಿ ಬಸಿಯಿರಿ.

ದೋಷ ಗಿಡದ್ದಲ್ಲ, ಪಾಲಿಹೌಸಿನದು

ಚಳಿ ದೇಶದವರಿಗೆ ಗಾಜಿನ ಮನೆ ಕಂಬಳಿ ಇದ್ದಂತೆ. ಮಲೆನಾಡಿನವರಿಗೆ ಅದು ಕೊಡೆ. ನನ್ನ ಪಾಲಿಹೌಸ್ ಕಟ್ಟಿಕೊಟ್ಟವರು ದೊಣ್ಣೆಮೆಣಸಿಗೆ ಕಟ್ಟುವ ಲೆಕ್ಕದಲ್ಲಿ ನಾಲ್ಕೂ ಕಡೆ ಪ್ಲಾಸ್ಟಿಕ್ ಮುಚ್ಚಿ ಹೋದರು. ಮೊದಲ ಏಪ್ರಿಲಿನಲ್ಲಿ ಹೊರಗೆ 35 ಡಿಗ್ರಿ, ಒಳಗೆ 43. ಮಳೆಗಾಲದಲ್ಲಿ ಗಾಳಿಯಾಡದೆ ಬೂಸ್ಟು. ಕೊನೆಗೆ ಮೇಲಿನ 200 ಮೈಕ್ರಾನ್ ಹಾಳೆ ಮಾತ್ರ ಉಳಿಸಿ ಸುತ್ತಲಿನದನ್ನು ಕಿತ್ತು ನೆಟ್ ಹಾಕಿಸಿದೆ. ಒಳಗಿದ್ದ ನೆರಳು ಪರದೆಯನ್ನು ಹೊರಗೆ, ಹಾಳೆಯ ಮೇಲೆ ಒಂದಡಿ ಎತ್ತರಕ್ಕೆ ಎಳೆಸಿದೆ. ಪರದೆ ಒಳಗಿದ್ದರೆ ಬಿಸಿಲು ಒಳಗೆ ಬಂದ ಮೇಲೆ ತಡೆದಂತಾಗುತ್ತದೆ, ಶಾಖ ಅಲ್ಲೇ ಉಳಿಯುತ್ತದೆ.

ಒದ್ದೆ ಪ್ಯಾಡು ಮತ್ತು ದೊಡ್ಡ ಫ್ಯಾನಿನ ವ್ಯವಸ್ಥೆಗೆ ದುಡ್ಡು ಹಾಕುವ ಮುಂಚೆ ನಿಮ್ಮ ಊರಿನ ಗಾಳಿ ನೋಡಿ. ನೀರು ಆವಿಯಾದರೆ ತಾನೇ ತಂಪು? ಒಣಗಾಳಿಯ ಬೆಂಗಳೂರಿನ ಮಾರ್ಚ್‌ನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕರಾವಳಿಯ ಬೆವರಿನ ಹವೆಯಲ್ಲಿ ಕರೆಂಟು ಬಿಲ್ಲು ಮಾತ್ರ ಏರುತ್ತದೆ.

ಕೆಲವು ಗಿಡ ಮಾತ್ರ ಸಾಯುತ್ತಿದ್ದರೆ ಸತ್ತವುಗಳ ನಕ್ಷೆ ಬರೆಯಿರಿ. ನನ್ನಲ್ಲಿ ನೆತ್ತಿ ಕೊಳೆತ ಏಳು ಫಲೆನಾಪ್ಸಿಸ್‌ಗಳೂ ಒಂದೇ ಸಾಲಿನಲ್ಲಿದ್ದವು. ಬೆಳಗಿನ ಜಾವ ಟಾರ್ಚ್ ಹಿಡಿದು ಹೋಗಿ ನೋಡಿದೆ. ಹಾಳೆಯ ಒಳಮೈಯಲ್ಲಿ ಕಟ್ಟಿದ ಹನಿಗಳು ಒಂದು ಅಡ್ಡ ಪೈಪಿಗೆ ಬಂದು, ಅಲ್ಲಿಂದ ತಪ್ಪದೆ ಅದೇ ಸಾಲಿನ ನೆತ್ತಿಗೆ ತೊಟ್ಟಿಕ್ಕುತ್ತಿದ್ದವು. ಬೆಂಚನ್ನು ಎರಡಡಿ ಸರಿಸಿದೆ, ಕುಂಡಗಳನ್ನು ಓರೆಯಾಗಿಟ್ಟೆ. ಕಾಡಿನಲ್ಲಿ ಆ ಗಿಡ ಮರದಿಂದ ಓರೆಯಾಗಿಯೇ ತೂಗುತ್ತದೆ, ನೀರು ನೆತ್ತಿಯಲ್ಲಿ ನಿಲ್ಲುವುದಿಲ್ಲ. ಎರಡು ಡಬ್ಬಿ ಔಷಧಿಯಿಂದ ಆಗದ್ದು ಇದರಿಂದ ಆಯಿತು.

ಎಲೆ ತುದಿ ಸುಟ್ಟು, ಮಣ್ಣಿನ ಕುಂಡದ ಹೊರಮೈಗೆ ಬಿಳಿ ಉಪ್ಪು ಏರಿದರೆ ನೀರಿನ ದೋಷ. ಬೆಂಗಳೂರಿನ ತಂಗಿ, "ಅಣ್ಣ, ನಾನು ಫಿಲ್ಟರ್ ನೀರೇ ಹಾಕೋದು, ಆದ್ರೂ ತುದಿ ಒಣಗ್ತಿದೆ" ಎಂದಳು. ವಿಚಾರಿಸಿದರೆ ಅವಳು ಹಾಕುತ್ತಿದ್ದದ್ದು ಆರ್‌ಓ ಯಂತ್ರ ಹೊರಗೆ ಬಿಡುವ ನೀರು. ಬೋರ್‌ವೆಲ್ ನೀರಿನ ಉಪ್ಪೆಲ್ಲ ಇನ್ನಷ್ಟು ಗಟ್ಟಿಯಾಗಿ ಸೇರುವುದು ಅದರಲ್ಲೇ. ನೆಲ ಒರೆಸಲು ಸರಿ, ಆರ್ಕಿಡಿಗೆ ಬೇಡ. ಮಳೆನೀರು ಡ್ರಮ್ಮಿನಲ್ಲಿ ಹಿಡಿದಿಡಿ. ಅಲ್ಲಿಯ ತನಕ ತಿಂಗಳಿಗೊಮ್ಮೆ ಒಳ್ಳೆಯ ನೀರನ್ನು ಧಾರಾಳವಾಗಿ ಹುಯ್ದು ಕುಂಡ ತೊಳೆಯಿರಿ.

ಹುಳಹುಪ್ಪಟೆ

ಬೇರಿನ ತುದಿ ಕತ್ತರಿಸಿದಂತಿದ್ದು ಹಗಲಲ್ಲಿ ಯಾರೂ ಕಾಣದಿದ್ದರೆ ರಾತ್ರಿ ಒಂದು ಸೌತೆಕಾಯಿ ಹೋಳು ಕುಂಡದ ಮೇಲಿಟ್ಟು ಎರಡು ತಾಸು ಬಿಟ್ಟು ಬನ್ನಿ, ಬಸವನಹುಳುಗಳ ಸಂತೆ ನೆರೆದಿರುತ್ತದೆ. ಕೈಯಲ್ಲೇ ಆರಿಸಿ. ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ ತಿಂದರೆ ಸಾಯುತ್ತದೆ. ಎಲೆಯಡಿಯ ಕಂದು ಹುರುಪೆಯನ್ನು ಉಗುರಲ್ಲಿ ಕೆರೆದಾಗ ಎದ್ದು ಬಂದರೆ ಶಲ್ಕ ಕೀಟ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು, ಸಂಜೆ ಹೊತ್ತು ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸೋಪಿನ ನೀರಲ್ಲಿ ಕದಡಿ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ದೋಷವೇ ಅಲ್ಲದ್ದು

ನಮ್ಮ ಘಟ್ಟದ ಡೆಂಡ್ರೋಬಿಯಂಗಳು, ಬಾರ್ಬಟುಲಂ, ಓವಟಂ ಇಂಥವು, ಮಳೆ ಮುಗಿದ ಮೇಲೆ ಎಲೆಯೆಲ್ಲ ಉದುರಿಸಿ ಒಣಕಡ್ಡಿಯಂತಾಗುತ್ತವೆ. ಸತ್ತಿತೆಂದು ಕಿತ್ತೆಸೆದವರನ್ನು ಬಲ್ಲೆ. ಆ ಬರಿಗಡ್ಡಿಯ ಮೇಲೇ ಹೂವು ಬರುವುದು. ನೆಲದಲ್ಲಿ ಬೆಳೆಯುವ ಹಬೆನೇರಿಯಾ ಆರ್ಕಿಡ್‌ಗಳು ಚಳಿಗಾಲಕ್ಕೆ ಪೂರ್ತಿ ಮಾಯವಾಗಿ ಗಡ್ಡೆ ಮಾತ್ರ ಮಣ್ಣಲ್ಲಿ ಉಳಿಯುತ್ತದೆ. ಕುಂಡಕ್ಕೆ ಗುರುತು ಹಾಕಿಡಿ. ಕ್ಯಾಟ್ಲಿಯಾದ ಮೊಗ್ಗಿನ ಬಳಿ ಅಂಟು ಹನಿ, ಇರುವೆ ಕಂಡರೂ ಎಲೆಯಡಿ ಹುಳ ಇಲ್ಲದಿದ್ದರೆ ಚಿಂತೆ ಬೇಡ, ಗಿಡವೇ ಒಸರಿಸುವ ಸಿಹಿ ಅದು. ಕುಂಡದಿಂದ ಹೊರಗೆ ಚಾಚಿದ ಬೇರನ್ನು ಮಡಚಿ ಒಳಗೆ ತುರುಕಬೇಡಿ.

ಇನ್ನೊಂದು ಮಾತು. ಮಾವಿನ ಮರದ ಮೇಲಿನ ಆರ್ಕಿಡನ್ನು ಬಂದಳಿಕೆಯೆಂದು ಕಿತ್ತು ಹಾಕುವವರಿದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ, ಆರ್ಕಿಡ್ ಮರದ ಮೇಲೆ ಕೂರುತ್ತದೆ ಅಷ್ಟೆ. ಅಸ್ಸಾಂ ಮತ್ತು ಅರುಣಾಚಲದವರು ರಾಜ್ಯಪುಷ್ಪ ಮಾಡಿಕೊಂಡಿರುವುದು ನಮ್ಮ ಸೀತಾಳೆ ದಂಡೆಯನ್ನೇ. ಹಾಗೆಂದು ಕಾಡಿನಿಂದ ಕಿತ್ತು ತರಬೇಡಿ. ಹಾಗೆ ತಂದ ದೊಡ್ಡ ಗಿಡ ಬೇರು ಕಳೆದುಕೊಂಡು ಹೆಚ್ಚಾಗಿ ಸಾಯುತ್ತದೆ. ನರ್ಸರಿಯ ಸಣ್ಣ ಸಸಿ ಹಿಡಿದುಕೊಳ್ಳುತ್ತದೆ.

ಮದ್ದಿಲ್ಲದ್ದು

ಎಲೆಯಲ್ಲಿ ತಿಳಿ–ಗಾಢ ಹಸಿರಿನ ಪಟ್ಟೆ, ಉಂಗುರದಂಥ ಕಪ್ಪು ಕಲೆ, ಹೂವಿನ ಎಸಳಲ್ಲಿ ಬಣ್ಣ ಒಡೆದು ಗೆರೆ. ಹೊಸ ಎಲೆಯಲ್ಲೂ ಅದೇ ಮತ್ತೆ ಬಂದರೆ ವೈರಸ್ ಎಂದು ಅನುಮಾನಿಸಿ. ಸಿಂಬಿಡಿಯಂ ಮೊಸಾಯಿಕ್ ಮತ್ತು ಒಡೊಂಟೊಗ್ಲಾಸಂ ರಿಂಗ್‌ಸ್ಪಾಟ್ ಎಂಬ ಎರಡು ಜಗತ್ತಿನಾದ್ಯಂತ ಹರಡಿವೆ. ಹರಡಿದ್ದು ಹೆಚ್ಚಾಗಿ ನಮ್ಮ ಕತ್ತರಿಯಿಂದ, ಗಿಡ ಸೀಳುವಾಗ. ವಾಸಿ ಮಾಡುವ ಔಷಧಿ ಇಲ್ಲ.

ಹಾಗೆ ಕಂಡ ಒಂದು ಕ್ಯಾಟ್ಲಿಯಾವನ್ನು ಎರಡು ವರ್ಷ ಬಚ್ಚಲುಮನೆಯ ಹಿಂದೆ ಬೇರೆ ಇಟ್ಟು ಸಾಕಿದೆ. ವಾಸನೆ ಅಷ್ಟು ಚೆನ್ನಾಗಿತ್ತು. ಮೂರನೇ ವರ್ಷ ಪಕ್ಕದ ಆನ್ಸಿಡಿಯಂನಲ್ಲೂ ಅದೇ ಉಂಗುರ ಕಂಡಾಗ ಎರಡನ್ನೂ ಅಡಿಕೆ ಬೇಯಿಸುವ ಒಲೆಗೆ ಹಾಕಿದೆ. ಈಗ ಕ್ಷೌರದ ಬ್ಲೇಡಿನ ಪೊಟ್ಟಣ ಇಟ್ಟುಕೊಂಡಿದ್ದೇನೆ, ಒಂದು ಗಿಡಕ್ಕೆ ಒಂದು. ಕತ್ತರಿಯೇ ಬೇಕಾದ ಕಡೆ ಗ್ಯಾಸ್ ಒಲೆಯ ಬೆಂಕಿಯಲ್ಲಿ ಎರಡೂ ಮಗ್ಗುಲು ಕಾಯಿಸಿ, ಆರಿದ ಮೇಲೆ ಮುಂದಿನ ಗಿಡಕ್ಕೆ ಹೋಗುತ್ತೇನೆ.